ನಲವತ್ತೊಂದನೆಯ ಬೆಂಕಿಪೆಟ್ಟಿಗೆ

ಅಪ್ಪ ಬಿಟ್ಟುಹೋದದ್ದು ಅರವತ್ತಮೂರು ಬೆಂಕಿಪೆಟ್ಟಿಗೆ. ಒಂದೊಂದರಲ್ಲಿ ಒಂದು ಹಳೆಯ ನಾಣ್ಯ, ಅದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಹೆಚ್ಚಿನವು ತಾಮ್ರದವು. ಅತಿ ಚಿಕ್ಕದು ಬಟಾಣಿ ಕಾಳಿನಷ್ಟು, ಅತಿ ದೊಡ್ಡದು ನನ್ನ ಹೆಬ್ಬೆರಳಿನ ಉಗುರಿನಷ್ಟು. ಕಳೆದ ತಿಂಗಳು ಸವಣೂರಿನ ಕಡೆಯ ಒಬ್ಬ ಇತಿಹಾಸದ ಮೇಷ್ಟ್ರು ಫೋನು ಮಾಡಿ, ಇವನ್ನೆಲ್ಲ ನೋಡಿ ಪಟ್ಟಿ ಮಾಡಬೇಕೆಂದಿದ್ದೇನೆ, ಶನಿವಾರ ಬರಲೇ ಎಂದು ಕೇಳಿದರು. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಇಳಿಸಿಕೊಳ್ಳುತ್ತೇನೆ, ನಿಮ್ಮ ತಂದೆಯವರ ಚೀಟಿ ತಪ್ಪುವುದಿಲ್ಲ ಎಂದು ಕೇಳಿದ್ದೇನೆ ಎಂದರು. ಬನ್ನಿ ಎಂದೆ. ಅರವತ್ತೆರಡು ಚೀಟಿಗಳ ವಿಷಯದಲ್ಲಿ ಅವರ ಮಾತು ಸರಿ. ನಲವತ್ತೊಂದನೆಯದು ಮಾತ್ರ ಸುಳ್ಳು. ಆ ಸುಳ್ಳು ಅಪ್ಪನದ್ದಲ್ಲ, ನನ್ನದು. ಅದು ಪಟ್ಟಿಗೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸಲು ನನಗೆ ಐದು ದಿನ ಇತ್ತು. ಆ ಐದು ದಿನಗಳಲ್ಲಿ ನೆನಪಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆದಿದ್ದೇನೆ.

ನಾವಿದ್ದದ್ದು ಪುತ್ತೂರು ಪೇಟೆಯ ಒಂದು ಲೈನ್ ಮನೆಯಲ್ಲಿ. ಒಂದೇ ಮಾಡಿನ ಅಡಿಯಲ್ಲಿ ನಾಲ್ಕು ಬಿಡಾರ, ನಮ್ಮದು ಕೊನೆಯದು. ಎದುರು ಚಾವಡಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯಾಚೆ ಬಟ್ಟೆ ಒಗೆಯುವ ಕಲ್ಲು. ಕೊನೆಯ ಬಿಡಾರವಾದ್ದರಿಂದ ಚಾವಡಿಗೆ ಒಂದು ಕಿಟಕಿ ಹೆಚ್ಚಿಗೆ ಸಿಕ್ಕಿತ್ತು. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲರವರೆಗೆ ಅದರಿಂದ ಓರೆಯಾಗಿ ಬಿಸಿಲು ಬರುತ್ತಿತ್ತು. ಅಪ್ಪ ಈ ಮನೆಯನ್ನು ಬಾಡಿಗೆಗೆ ಹಿಡಿದದ್ದೇ ಆ ಕಿಟಕಿಗಾಗಿ ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪನಿಗೆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ. ದಿನವಿಡೀ ತಲೆಕೆಳಗಾದ, ಎಡಬಲ ಅದಲುಬದಲಾದ ಸೀಸದ ಅಕ್ಷರಗಳನ್ನು ಓದಿ ಓದಿ ಅವರಿಗೆ ಸವೆದ ಅಕ್ಷರಗಳ ಮೇಲೆ ಒಂದು ಪ್ರೀತಿ ಹುಟ್ಟಿತ್ತು. ಹಳೆಯ ಪಾತ್ರೆಗಳ ಗುಜರಿ ವ್ಯಾಪಾರದ ಅಬ್ಬಾಸ್ ಬ್ಯಾರಿ ತಮ್ಮ ಅಂಗಡಿಯ ಬಿಲ್ ಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದಾಗ ಕಿಸೆಯಿಂದ ಒಂದೆರಡು ಹಸಿರುಗಟ್ಟಿದ ಬಿಲ್ಲೆಗಳನ್ನು ತೆಗೆದುಕೊಟ್ಟಿದ್ದರಂತೆ. ಅಲ್ಲಿಂದ ಸುರು. ಆಮೇಲೆ ಯಾವ ಊರಿನ ಗಿಂಡಿ, ಚೆಂಬು, ಹಂಡೆಗಳ ತಳದಲ್ಲಿ ಅಂಥದ್ದು ಸಿಕ್ಕಿದರೂ ಬ್ಯಾರಿ ಅದನ್ನು ಅಪ್ಪನಿಗಾಗಿ ಎತ್ತಿಡುತ್ತಿದ್ದರು.

ಅಜ್ಜಿ, ಎಂದರೆ ಅಪ್ಪನ ಅಮ್ಮ, ಮರ್ಕಂಜದವಳು. ಅವಳ ಮಾತು ಅರೆಭಾಷೆ. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ಅದನ್ನು ಹೆಚ್ಚುಕಡಿಮೆ ಎಲ್ಲರ ಕನ್ನಡದಲ್ಲೇ ಬರೆಯುತ್ತೇನೆ. ಆದರೆ ಅವಳು ನನ್ನನ್ನು ಕರೆಯುತ್ತಿದ್ದ 'ಗೂಡೆ' ಎಂಬ ಮಾತನ್ನು ಹುಡುಗಿ ಎಂದು ಬದಲಿಸಲು ಮನಸ್ಸಾಗುವುದಿಲ್ಲ. ಅಪ್ಪನ ನಾಣ್ಯಗಳ ಬಗ್ಗೆ ಅಜ್ಜಿಗೆ ಒಂದೇ ತಕರಾರು. ಅವುಗಳಲ್ಲಿ ಕೆಲವುಗಳ ಮೇಲೆ ದೇವರಿದ್ದಾರೆ. ವಿಜಯನಗರದ ಕಾಲದ ತಾಮ್ರದ ಕಾಸುಗಳಲ್ಲಿ ಆನೆ, ಬಸವ, ಗರುಡ, ಆಂಜನೇಯ ಎಲ್ಲ ಬರುತ್ತವೆ. ಆನೆ, ಬಸವ ಎಲ್ಲಿದ್ದರೂ ನಡೆಯುತ್ತದೆ, ದೇವರನ್ನು ಬೆಂಕಿಪೆಟ್ಟಿಗೆಯೊಳಗೆ ತುರುಕಿ ಮಸಿ ಕೈಯಲ್ಲಿ ಮುಟ್ಟುವುದೆಂದರೇನು ಎಂದು ಅವಳ ಪ್ರಶ್ನೆ. ಕಡೆಗೆ ಒಂದು ಒಪ್ಪಂದವಾಯಿತು. ಆನೆ, ಬಸವ, ಬರೀ ಅಕ್ಷರ ಇದ್ದದ್ದು ಅಪ್ಪನ ಮೇಜಿಗೆ. ಗರುಡ, ಆಂಜನೇಯ ಇದ್ದದ್ದು ನಡುಕೋಣೆಯ ದೇವರ ಹಲಗೆಗೆ. ಹೀಗೆ ನಮ್ಮ ಮನೆಯಲ್ಲಿ ಒಂದು ನಾಣ್ಯ ಯಾವ ಬಗೆಯದು ಎಂದು ಗುರುತಿಸುವುದೂ ಅದು ಯಾವ ಕೋಣೆಯಲ್ಲಿ ಬಾಳಬೇಕು ಎಂದು ತೀರ್ಮಾನಿಸುವುದೂ ಒಂದೇ ಆಗಿತ್ತು.

ಅಪ್ಪನಿಗೆ ಇದು ಸಣ್ಣ ನಷ್ಟವಲ್ಲ. ದೇವರ ಹಲಗೆಗೆ ಹೋದ ನಾಣ್ಯ ಅಲ್ಲಿನ ದೀಪ, ಹರಿವಾಣಗಳ ಹಾಗೆ ತೊಳೆಯಲ್ಪಡುತ್ತಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಅಜ್ಜಿಗೆ ತೊಳೆಯುವುದೆಂದರೆ ಮರ್ಯಾದೆ. ಹೊಳೆಯದ ದೇವರನ್ನು ಅವಳು ಕಂಡವಳಲ್ಲ. ತಾಮ್ರ ತುಂಬ ಸವೆದಿದ್ದರೆ ಚಿತ್ರ ಲೋಹದಲ್ಲಿ ಉಳಿದಿರುವುದಿಲ್ಲ, ಮೇಲಿನ ಕಿಲುಬಿನಲ್ಲಿ ಮಾತ್ರ ಉಳಿದಿರುತ್ತದೆ, ಕಿಲುಬು ಹೋದರೆ ಚಿತ್ರವೂ ಹೋಗುತ್ತದೆ ಎಂದು ಅಪ್ಪ ಹೇಳಿದರೆ ಅವಳಿಗೆ ಅದು ನೆಪದ ಹಾಗೆ ಕೇಳುತ್ತಿತ್ತು. ಅಪ್ಪ ಒಮ್ಮೆ ನಿಜವಾಗಿಯೂ ನೆಪ ಹೇಳಿ ಸಿಕ್ಕಿಬಿದ್ದಿದ್ದರು. ಒಳ್ಳೆಯ ಒಂದು ಗರುಡನನ್ನು ಆನೆ ಎಂದು ಮೇಜಿಗೆ ಎಳೆದುಕೊಳ್ಳಲು ನೋಡಿದರು. ಕೊಕ್ಕನ್ನು ತೋರಿಸಿ ಸೊಂಡಿಲು ಎಂದರು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು.

"ಎಂತ ಮಾರಾಯ್ರೆ, ಕೈ ಮುಗಿದ ಆನೆಯನ್ನು ನೀವು ಎಲ್ಲಿ ನೋಡಿದ್ದು?"

ಅಪ್ಪ ಕಿವಿಯ ತುದಿಯವರೆಗೆ ಕೆಂಪಾದರು. ಅಜ್ಜಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದು ಮುಖಗಳೇ ಮಸುಕಾಗಿ ಕಾಣುತ್ತಿದ್ದವು. ಮಗನ ಮಾತನ್ನು ನಂಬುವ ಹಾಗಿಲ್ಲ, ಸೊಸೆಗೆ ಪುರುಸೊತ್ತಿಲ್ಲ. ಅವಳು ನನ್ನ ಕೈ ಹಿಡಿದು ಎಳೆದು ಹತ್ತಿರ ಕೂರಿಸಿಕೊಂಡಳು.

"ಇನ್ನು ಗೂಡೆ ನೋಡಿ ಹೇಳಲಿ. ಅವಳ ಕಣ್ಣು ಒಳ್ಳೆ ಕಣ್ಣು. ಕಾಸಿನಲ್ಲಿ ದೇವರು ಇದ್ದರೂ ಅವಳಿಗೆ ಲಾಭ ಇಲ್ಲ, ಇಲ್ಲದಿದ್ದರೂ ನಷ್ಟ ಇಲ್ಲ."

ನನಗೆ ಆಗ ಹತ್ತು ವರ್ಷ. ಅಲ್ಲಿಂದ ಪ್ರತಿ ಆದಿತ್ಯವಾರ ನೀರುದೋಸೆ ತಿಂದಾದ ಮೇಲೆ ಕಿಟಕಿಯ ಹತ್ತಿರ ನಮ್ಮ ಕೂಟ ಸೇರುತ್ತಿತ್ತು. ಅಪ್ಪ ಮಸಿ ಹೀರುವ ಕಾಗದ ಹಾಸಿ ಅದರ ಮೇಲೆ ನಾಣ್ಯ ಇಡುವರು. ಚಿನ್ನದ ಕೆಲಸದವರ ಸಣ್ಣ ತಕ್ಕಡಿಯಲ್ಲಿ ಗುಲಗಂಜಿ ಹಾಕಿ ತೂಗುವರು. ಚಿಮಟದಿಂದ ಎತ್ತಿ, ಬಿಸಿಲಿಗೆ ಓರೆಯಾಗಿ ಹಿಡಿದು ನನ್ನ ಕೈಗೆ ಭೂತಗನ್ನಡಿ ಕೊಡುವರು. ನೇರ ಬೆಳಕಿನಲ್ಲಿ ಎಂತದೂ ಕಾಣುದಿಲ್ಲ, ನೆರಳು ಬೇಕು ಎನ್ನುವರು. ಮೊದಲು ಎಂತ ಕಾಣ್ತದೆ ಅಂತ ಹೇಳು, ಅದು ಎಂತದ್ದು ಅಂತ ಆಮೇಲೆ ಹೇಳು ಎನ್ನುವರು. ಒಂದು ಉಬ್ಬು, ಅದರ ಕೆಳಗೆ ನಾಲ್ಕು ಗೆರೆ, ಎದುರಿಗೆ ಬಾಗಿದ ಒಂದು ಗೆರೆ ಎಂದು ನಾನು ಹೇಳಬೇಕು. ಎಲ್ಲ ಹೇಳಿ ಮುಗಿದ ಮೇಲೆಯೇ ಆನೆ ಎನ್ನಬೇಕು. ಗಂಡನ ಸಿಟ್ಟು, ಅತ್ತೆಯ ಹಟ ಎರಡನ್ನೂ ಬಲ್ಲ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

"ಆನೆ ಮೇಜಿಗೆ, ಆಂಜನೇಯ ಹಲಗೆಗೆ. ಮೀನು ಸಿಕ್ಕಿದ್ರೆ ಇಲ್ಲಿಗೆ ಕಳಿಸಿ, ಸಾರು ಮಾಡ್ತೇನೆ."

ಅದು ಅಪ್ಪನನ್ನು ಕೆಣಕುವ ಮಾತು. ಅಪ್ಪ ಹತ್ತು ವರ್ಷದಿಂದ ಕಾದಿದ್ದದ್ದು ಒಂದು ಮೀನಿನ ನಾಣ್ಯಕ್ಕೆ. ವಿಜಯನಗರದವರಿಗಿಂತ ಮೊದಲು ಈ ಸೀಮೆಯನ್ನು ಆಳಿದ ಆಳುಪರ ಗುರುತು ಜೋಡಿ ಮೀನು. ಅಕ್ಕಪಕ್ಕ ನಿಂತ ಎರಡು ಮೀನು, ಮೇಲೊಂದು ಕೊಡೆ. ಬೇರೆ ಎಲ್ಲ ನಾಣ್ಯಗಳೂ ಎಲ್ಲಿಂದಲೋ ಇಲ್ಲಿಗೆ ಬಂದವು, ಅದು ಮಾತ್ರ ಇಲ್ಲಿಯದೇ ಎನ್ನುತ್ತಿದ್ದರು. ಅದರ ಚಿತ್ರವನ್ನು ಪ್ರೆಸ್ಸಿನ ಕಾಗದದ ತುಂಡಿನಲ್ಲಿ ಬರೆದು ನನಗೆ ತೋರಿಸಿದ್ದರು. ಅಪ್ಪನಿಗೂ ಹತ್ತಿರದ್ದು ಕಾಣುವುದು ಆಗಲೇ ಕಷ್ಟವಾಗುತ್ತಿತ್ತು. ಎಂದಾದರೂ ಸಿಕ್ಕಿದರೆ ಮೊದಲು ಕಾಣುವವಳು ನೀನೇ ಎಂದಿದ್ದರು.

ಆ ಬೇಸಿಗೆಯ ಸುರುವಿನಲ್ಲಿ, ಶಾಲೆಗೆ ರಜೆ ಸಿಗುವ ಮೊದಲೇ, ಅಜ್ಜಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಶನ್ ಎಂದು ನಿಶ್ಚಯವಾಯಿತು. ದಿನ ಗೊತ್ತಾದ ಮೇಲೆ ಅಜ್ಜಿ ಹಿಂದೆ ಸರಿದಳು. ಕಣ್ಣಿಗೆ ಕತ್ತಿ ಹಾಕಿಸಿಕೊಂಡು ಇದ್ದ ಮಂಜು ನೋಟವೂ ಹೋದರೆ ಎಂದು ಹೆದರಿದಳು. ಒಂದು ವಾರ ಮನೆಯಲ್ಲಿ ಅದೇ ಜಗಳ. ಅಪ್ಪ ಬೇಡಿದರು, ಅಮ್ಮ ಗದರಿದಳು. ಶುಕ್ರವಾರ ಊಟಕ್ಕೆ ಕುಳಿತಾಗ ಅಜ್ಜಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ತನ್ನ ತೀರ್ಮಾನ ಹೇಳಿದಳು.

"ಈ ಆದಿತ್ಯವಾರ ನಿನ್ನ ಕಾಸಿನಲ್ಲಿ ಆಂಜನೇಯ ಬಂದರೆ ಹೋಗುವೆ. ಬಾರದಿದ್ದರೆ ಇಲ್ಲೆ. ಮತ್ತೆ ನನ್ನನ್ನು ಕೇಳಬೇಡಿ."

ಶನಿವಾರ ಸಂಜೆ ಅಮ್ಮ ನನ್ನ ತಲೆ ಬಾಚುತ್ತಾ ಕುಳಿತಿದ್ದಳು. ಸಿಕ್ಕು ಬಿಡಿಸುವಾಗ ಅವಳು ಯಾವತ್ತೂ ಮಾತಾಡುತ್ತಿರಲಿಲ್ಲ. ಆ ದಿನ ಜಡೆ ಹೆಣೆದು ಮುಗಿಸಿ ರಿಬ್ಬನ್ನು ಕಟ್ಟುವಾಗ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಗೊತ್ತಾಗದ ಹಾಗೆ ಒಂದು ಮಾತು ಹೇಳಿದಳು.

"ನಾಳೆ ಒಂದು ಆಂಜನೇಯ ಬಂದ್ರೆ ಒಳ್ಳೆದಿತ್ತು."

ಆದಿತ್ಯವಾರ ನೋಡಲು ಇದ್ದದ್ದು ಮೂರು ನಾಣ್ಯ. ಮೂರೂ ಇಚಿಲಂಪಾಡಿಯ ಒಂದು ಮನೆಯ ಹಳೆ ಪಾತ್ರೆಗಳ ಜೊತೆ ಬ್ಯಾರಿಗೆ ಬಂದವು. ಮೊದಲಿನದ್ದು ಆನೆ, ನೋಡುತ್ತಲೇ ಗೊತ್ತಾಯಿತು. ಎರಡನೆಯದರಲ್ಲಿ ಮೂರು ಸಾಲು ಅಕ್ಷರ ಬಿಟ್ಟರೆ ಬೇರೆ ಎಂತದೂ ಇಲ್ಲ. ಅಷ್ಟರಲ್ಲಿ ಮೀನಿನವನ ಸೈಕಲ್ಲಿನ ಹಾರ್ನು ಕೇಳಿಸಿ ಅಮ್ಮ ನನ್ನನ್ನು ಕರೆದಳು. ನಾನು ಬಟ್ಟಲು ಹಿಡಿದುಕೊಂಡು ಹೋಗಿ ಬಂಗುಡೆ ತಂದೆ. ಅಮ್ಮ ಅವನ್ನು ಹಿಂದಿನ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಕೈ ತೊಳೆದು ಚಾವಡಿಗೆ ಬಂದೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮೂರನೆಯ ನಾಣ್ಯ ನೋಡಿದ್ದು ಆ ಬಂಗುಡೆಗಳನ್ನು ನೋಡಿದ ಮೇಲೆ.

ಅದು ದಪ್ಪ ಹಸಿರು ಕಿಲುಬು ಹಿಡಿದ, ಅಂಚು ಮುಕ್ಕಾದ ನಾಣ್ಯ. ಅಪ್ಪ ಅದನ್ನು ಓರೆಗೆ ಹಿಡಿದರು. ನಾನು ಭೂತಗನ್ನಡಿಯನ್ನು ಮೇಲೆ ಕೆಳಗೆ ಮಾಡಿದೆ. ಉದ್ದನೆಯ ಒಂದು ಆಕೃತಿ ಕಂಡಿತು. ಅದರ ಪಕ್ಕದಲ್ಲಿ ಅಷ್ಟೇ ಉದ್ದದ ಇನ್ನೊಂದು. ಎರಡರದ್ದೂ ಹೊಟ್ಟೆ ಸ್ವಲ್ಪ ಉಬ್ಬಿ, ಕೆಳತುದಿ ಕವಲಾಗಿತ್ತು. ಮೇಲೆ ಬಾಗಿದ ಒಂದು ಗೆರೆ, ಅದಕ್ಕೆ ನಡುವೆ ಒಂದು ಹಿಡಿ. ಅಪ್ಪ ಬರೆದು ತೋರಿಸಿದ ಕಾಗದದ ತುಂಡು ನೆನಪಾಯಿತು. ತಲೆಯೆತ್ತಿದೆ. ಎಡಗಡೆ ಅಪ್ಪ, ಚಿಮಟ ಹಿಡಿದ ಕೈ ಅಲುಗದಿರಲಿ ಎಂದು ಇನ್ನೊಂದು ಕೈಯಿಂದ ಅದನ್ನು ಹಿಡಿದಿದ್ದರು. ಬಲಗಡೆ ಅಜ್ಜಿ, ಎರಡು ಕೈಯನ್ನೂ ಮಡಿಲಲ್ಲಿಟ್ಟು, ನಾನಿದ್ದ ಕಡೆಗಿಂತ ಸ್ವಲ್ಪ ಆಚೆಗೆ ನೋಡುತ್ತಿದ್ದಳು. ನಾನೆಲ್ಲಿದ್ದೇನೆಂದು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಎಂತ ಕಾಣ್ತದೆ ಹೇಳು," ಎಂದರು ಅಪ್ಪ.

"ಆಂಜನೇಯ."

"ಮೊದಲು ಗೆರೆ ಹೇಳು. ಎಂತದ್ದು ಅಂತ ಆಮೇಲೆ."

"ಬಾಲ ಉಂಟು. ಒಂದು ಕೈ ಮೇಲೆ ಉಂಟು. ಆಂಜನೇಯನೇ."

"ಸರಿಯಾಗಿ ನೋಡಿದ್ದೀಯಲ್ಲ?"

"ನೋಡಿದ್ದೇನೆ."

ಅಜ್ಜಿ ಎರಡೂ ಕೈ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಮೀನಿನ ಕತ್ತಿ. ಅವಳು ಒಳಗೆ ಹೋದಳು. ಅಪ್ಪ ನಾಣ್ಯವನ್ನು ತಾವೊಮ್ಮೆ ನೋಡಲು ಭೂತಗನ್ನಡಿ ತೆಗೆದುಕೊಂಡರು. ಆದರೆ ಅಜ್ಜಿ ಆಗಲೇ ಅಂಗೈ ಚಾಚಿದ್ದಳು. ಒಪ್ಪಂದ ಒಪ್ಪಂದವೇ. ಅಪ್ಪ ಅದನ್ನು ಅವಳ ಅಂಗೈಯಲ್ಲಿ ಇಟ್ಟರು. ಮಧ್ಯಾಹ್ನ ಬಂಗುಡೆ ಸಾರು ನನಗೆ ಇಳಿಯಲಿಲ್ಲ. ಹೊಟ್ಟೆ ನೋವು ಎಂದೆ. ಅದು ಆ ದಿನದ ಎರಡನೆಯ ಸುಳ್ಳು, ಯಾರಿಗೂ ತೊಂದರೆ ಮಾಡದ್ದು.

ಆಪರೇಶನ್ನಿಗೆ ಹದಿನೆಂಟು ದಿನ ಇತ್ತು. ಆ ಹದಿನೆಂಟು ದಿನವೂ ಬೆಳಿಗ್ಗೆ ಸ್ನಾನವಾದ ಮೇಲೆ ಅಜ್ಜಿ ಹಿಂದಿನ ಕಲ್ಲಿನ ಹತ್ತಿರ ಕುಳಿತು ಆ ಒಂದು ನಾಣ್ಯವನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದಳು. ಕಣ್ಣು ಕಾಣದಿದ್ದರೂ ಬೆರಳಿಗೆ ನುಣುಪು ತಿಳಿಯುತ್ತದೆ. ನುಣುಪಾದಷ್ಟೂ ಅವಳಿಗೆ ಸಮಾಧಾನ. ನಾನು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೋಗುವಾಗ ಅದು ದಿನದಿನವೂ ಹಸಿರಿನಿಂದ ಕಂದಿಗೆ, ಕಂದಿನಿಂದ ಕೆಂಪಿಗೆ ತಿರುಗುವುದನ್ನು ನೋಡಿದೆ. ಮೂರನೆಯ ದಿನವೇ ಹೇಳಬಹುದಿತ್ತು. ಐದನೆಯ ದಿನ ಹೇಳಿದ್ದರೂ ಏನಾದರೂ ಉಳಿಯುತ್ತಿತ್ತೇನೋ. ಹೇಳಿದರೆ ಅಜ್ಜಿ ಮಂಗಳೂರಿಗೆ ಹೋಗುವುದಿಲ್ಲ ಎಂದು ಹೆದರಿದ್ದೆ. ಅದು ನಿಜ. ಅಪ್ಪನ ಮುಖ ನೋಡಲು ಹೆದರಿದ್ದೆ ಎಂಬುದೂ ನಿಜ. ಯಾವ ಹೆದರಿಕೆ ದೊಡ್ಡದಿತ್ತು ಎಂದು ಈಗ ಹೇಳಲಾರೆ.

ಆಪರೇಶನ್ ಸರಿಯಾಯಿತು. ಕೆಲವು ವಾರಗಳ ನಂತರ ಬಾಟಲಿಯ ತಳದಷ್ಟು ದಪ್ಪನೆಯ ಕನ್ನಡಕ ಬಂತು. ಕನ್ನಡಕ ಹಾಕಿದ ಮೊದಲ ದಿನ ಅಜ್ಜಿ ಮನೆಯೆಲ್ಲ ಸುತ್ತಿ ಒಂದೊಂದನ್ನೇ ನೋಡಿದಳು. ಗೋಡೆಯ ಬಿರುಕು, ಅಮ್ಮನ ನರೆತ ಕೂದಲು, ನನ್ನ ಮೂಗಿನ ಮೇಲಿನ ಮಚ್ಚೆ. "ಇಷ್ಟು ಕಪ್ಪಿದ್ದೀಯಾ ಗೂಡೆ ನೀನು, ನಾನು ಬೆಳ್ಳಗೆ ಎಂದುಕೊಂಡಿದ್ದೆ," ಎಂದು ನಕ್ಕಳು. ಆಮೇಲೆ ದೇವರ ಹಲಗೆಯ ಮುಂದೆ ಕುಳಿತು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದಳು.

"ಆಂಜನೇಯ ಎಲ್ಲಿ ಗೂಡೆ?"

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಜ್ಜಿ ನನ್ನ ಉತ್ತರಕ್ಕೆ ಕಾದಳು, ಎಷ್ಟು ಹೊತ್ತು ಎಂದು ನೆನಪಿಲ್ಲ. ಆಮೇಲೆ ಅವಳ ಮುಖದಲ್ಲಿ ಏನೋ ತಿಳಿದ ಹಾಗಾಯಿತು. ತಿಳಿದದ್ದು ತಪ್ಪು.

"ಹೋ, ನಾನೇ. ತೊಳೆದು ತೊಳೆದು ನಾನೇ ಅವನನ್ನು ಅಳಿಸಿಬಿಟ್ಟೆ. ಮಗ ಹೇಳಿದ್ದ. ನಾನು ಕೇಳಲಿಲ್ಲೆ."

ಆ ವಾರದಿಂದ ಅಜ್ಜಿ ಶನಿವಾರ ರಾತ್ರಿ ಊಟ ಬಿಟ್ಟಳು. ಕಣ್ಣು ಕೊಟ್ಟ ದೇವರನ್ನು ಕೈಯಾರೆ ಅಳಿಸಿದ್ದಕ್ಕೆ ಅವಳು ತಾನೇ ಹಾಕಿಕೊಂಡ ಶಿಕ್ಷೆ. ಸಾಯುವವರೆಗೆ ಹನ್ನೊಂದು ವರ್ಷ. ಯಾರು ಹೇಳಿದರೂ ಬಿಡಲಿಲ್ಲ. ನಾಲ್ವರಿದ್ದ ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಮೂರೇ ಬಟ್ಟಲು. ಅಜ್ಜಿ ನಡುಕೋಣೆಯಲ್ಲಿ ಚಾಪೆ ಹಾಸಿಕೊಂಡು, ನಾವು ಉಣ್ಣುವ ಸದ್ದು ಕೇಳುತ್ತಾ ಮಲಗಿರುತ್ತಿದ್ದಳು. ಇನ್ನೊಂದು ಸಂಗತಿಯೂ ನಡೆಯಿತು. ದೇವರ ಹಲಗೆಯಲ್ಲಿದ್ದ ಎಲ್ಲ ನಾಣ್ಯಗಳನ್ನೂ ಅವಳು ಒಂದು ಬಟ್ಟೆಯಲ್ಲಿ ಕಟ್ಟಿ ತಂದು ಅಪ್ಪನ ಮೇಜಿನ ಮೇಲೆ ಇಟ್ಟಳು. ನನ್ನ ಕೈಗೆ ಇವು ಬೇಡ, ನೀನೇ ಇಟ್ಟುಕೋ ಎಂದಳು. ಅಪ್ಪನಿಗೆ ಬೇಕಾಗಿದ್ದದ್ದು ಅದೇ. ಅವರು ಸಂತೋಷಪಟ್ಟದ್ದನ್ನು ನಾನು ಕಾಣಲಿಲ್ಲ. ಆದಿತ್ಯವಾರದ ಕೂಟವೂ ಅಲ್ಲಿಗೆ ನಿಂತಿತು. ಅದನ್ನು ನಿಲ್ಲಿಸಿದವಳು ನಾನು, ಓದಲಿಕ್ಕುಂಟು ಎಂದು.

ಮುಂದೆ ನಾನು ರಕ್ತಪರೀಕ್ಷೆಯ ಕೆಲಸ ಕಲಿತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಮಲೇರಿಯ ಉಂಟೋ ಇಲ್ಲವೋ ಎಂದು ಗಾಜಿನ ಮೇಲಿನ ರಕ್ತದ ಕಲೆ ನೋಡಿ ಹೇಳುವ ಕೆಲಸ. ಮೊದಲು ಕಂಡದ್ದನ್ನು ಬರೆಯುತ್ತಿದ್ದೆ, ಎಂತದ್ದು ಎಂದು ಆಮೇಲೆ. ಖಚಿತವಿಲ್ಲದಿದ್ದರೆ ಖಚಿತವಿಲ್ಲ, ಮತ್ತೊಮ್ಮೆ ರಕ್ತ ಕಳಿಸಿ ಎಂದು ಬರೆಯುತ್ತಿದ್ದೆ. ಡಾಕ್ಟರುಗಳಿಗೆ ಸಿಟ್ಟು ಬರುತ್ತಿತ್ತು. ಒಬ್ಬರು ಜ್ವರದ ಮಗುವಿನ ತಾಯಿಯನ್ನು ಕರೆದುಕೊಂಡೇ ಬಂದು, ಇವರಿಗೊಂದು ಧೈರ್ಯದ ಮಾತು ಹೇಳಿ ಎಂದಿದ್ದರು. ಹೇಳಲಿಲ್ಲ. ನನ್ನದು ಕಲ್ಲು ಮನಸ್ಸು ಎಂದು ಅಲ್ಲಿ ಹೆಸರಿತ್ತು.

ಅಪ್ಪ ತೀರಿಕೊಂಡ ಮೇಲೆ ಬೆಂಕಿಪೆಟ್ಟಿಗೆಗಳು ನನ್ನಲ್ಲಿಗೆ ಬಂದವು. ಅಮ್ಮನೂ ನನ್ನ ಜೊತೆಯಲ್ಲೇ ಇದ್ದಾಳೆ, ಪುತ್ತೂರಿನಲ್ಲೇ. ಮೇಷ್ಟ್ರ ಫೋನು ಬರುವವರೆಗೆ ನಾನು ನಲವತ್ತೊಂದನ್ನು ತೆರೆದಿರಲಿಲ್ಲ. ಆ ದಿನ ತೆರೆದೆ. ನಾಣ್ಯ ಮತ್ತೆ ಕಪ್ಪಾಗಿದೆ, ಎರಡೂ ಕಡೆ ಬೋಳು. ಚೀಟಿಯಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ತಾಮ್ರ. ಹದಿನಾಲ್ಕು ಗುಲಗಂಜಿ ತೂಕ. ಇಚಿಲಂಪಾಡಿಯ ಒಂದು ಮನೆಯ ಹಳೆ ಪಾತ್ರೆಗಳ ಜೊತೆ ಬಂದದ್ದು. ಎದುರು: ಆಂಜನೇಯ. ಹಿಂದೆ: ಅಕ್ಷರ ಇದ್ದಿರಬಹುದು. ಕಂಡವರು: ಮಗಳು. ಉಳಿದ ಚೀಟಿಗಳನ್ನು ಮತ್ತೆ ತೆಗೆದು ನೋಡಿದೆ. ನಾನು ನೋಡಿ ಹೇಳಿದ್ದರಲ್ಲೆಲ್ಲ ಕೊನೆಯ ಸಾಲು 'ಕಂಡವರು: ನಾನು, ಮಗಳು' ಎಂದಿದೆ. ಇದೊಂದರಲ್ಲಿ ಮಗಳು ಮಾತ್ರ. ತಾವು ಕಾಣದ್ದನ್ನು ಅಪ್ಪ ಕಂಡೆ ಎಂದು ಬರೆದಿಲ್ಲ. ಚೀಟಿಯ ಕೆಳಗೆ ಮೂರು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಬೇಕೆಂದೇ ಬಿಟ್ಟರೆಂದು ನಾನು ಹೇಳುವುದಿಲ್ಲ. ಎಲ್ಲ ಚೀಟಿಗಳಲ್ಲೂ ಅಷ್ಟೋ ಇಷ್ಟೋ ಜಾಗ ಉಂಟು.

ಶುಕ್ರವಾರ ಮಧ್ಯಾಹ್ನ ಪೆನ್ಸಿಲ್ ಚೂಪು ಮಾಡಿ ಆ ಜಾಗದಲ್ಲಿ ಬರೆದೆ. ಎರಡು ಸಲ ಎದ್ದುಹೋಗಿ ಬಂದು ಬರೆದೆ. 'ಮೇಲಿನ ಆಂಜನೇಯ ನಾನು ಹೇಳಿದ ಸುಳ್ಳು. ಕಂಡದ್ದು: ಅಕ್ಕಪಕ್ಕ ಎರಡು ಉದ್ದ ಆಕೃತಿ, ಎರಡರ ಕೆಳತುದಿಯೂ ಕವಲು, ಮೇಲೆ ಕೊಡೆಯಂಥ ಗೆರೆ. ಮೀನು ಎಂದುಕೊಂಡೆ. ಸ್ವಲ್ಪ ಮೊದಲು ಮನೆಯಲ್ಲಿ ಬಂಗುಡೆ ನೋಡಿದ್ದೆ. ಕಂಡವರು: ಮಗಳು.'

ಮರುದಿನ ಮೇಷ್ಟ್ರು ಬಂದರು. ನನ್ನ ಮಗನಾಗಬಹುದಾದ ವಯಸ್ಸು. ನಲವತ್ತೊಂದನೆಯ ಚೀಟಿಯನ್ನು ಅವರು ಎರಡು ಸಲ ಓದಿದರು. ನಾಣ್ಯವನ್ನು ಬೆಳಕಿಗೆ ಹಿಡಿದರು.

"ಇದರಲ್ಲಿ ಈಗ ಎಂತದೂ ಇಲ್ಲ ಅಲ್ವಾ ಮೇಡಂ. ಪಟ್ಟಿಯಲ್ಲಿ ಯಾವುದನ್ನು ಬರೆಯುದು? ಎರಡೂ ಸರಿ ಆಗ್ಲಿಕ್ಕೆ ಸಾಧ್ಯ ಇಲ್ಲ."

"ಎರಡನ್ನೂ ಬರೀರಿ. ಮೇಲಿನದ್ದು ಸುಳ್ಳು ಅಂತ ಕೆಳಗೆ ಉಂಟಲ್ಲ."

"ಆದ್ರೆ ಮೇಲಿನ ಅಕ್ಷರ ನಿಮ್ಮ ತಂದೆಯವರದ್ದು."

"ಅಕ್ಷರ ಅಪ್ಪನದ್ದು. ಮಾತು ನನ್ನದು."

ಅವರು ಎರಡನ್ನೂ ಇಳಿಸಿಕೊಂಡರು. ಕಾಫಿ ಕುಡಿದು ಹೊರಟಾಗ ಗಂಟೆ ನಾಲ್ಕಾಗಿತ್ತು. ಅಮ್ಮ ಅಷ್ಟು ಹೊತ್ತೂ ಒಳಗಿನ ಕುರ್ಚಿಯಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದಳು. ಈಗ ಅವಳಿಗೆ ಕಿವಿ ಸ್ವಲ್ಪ ದೂರ, ಆದರೆ ಬೇಕಾದದ್ದು ಕೇಳಿಸುತ್ತದೆ. ನಾನು ಬೆಂಕಿಪೆಟ್ಟಿಗೆಗಳನ್ನು ಡಬ್ಬಿಗೆ ತುಂಬಿಸುವುದನ್ನು ನೋಡುತ್ತಾ ಕೇಳಿದಳು.

"ಅತ್ತೆ ಎಷ್ಟು ವರ್ಷ ಉಪವಾಸ ಮಾಡಿದ್ದು?"

"ಹನ್ನೊಂದು."

ಅಮ್ಮ ಇನ್ನೆರಡು ಅಲಸಂಡೆ ಮುರಿದಳು.

"ಆ ದಿನ ನಿನ್ನ ತಲೆ ಬಾಚುವಾಗ ಒಂದು ಮಾತು ಹೇಳಿದ್ದೆ. ನೆನಪುಂಟಾ ನಿಂಗೆ?"

"ಉಂಟು."

"ಅದನ್ನು ಬರೆದಿದ್ದೀಯಾ?"

"ಇಲ್ಲ."

"ಚೀಟಿಯಲ್ಲಿ ಇನ್ನೂ ಜಾಗ ಉಂಟಾ?"

"ಎದುರಿಗೆ ಇಲ್ಲ. ಹಿಂದೆ ಉಂಟು."

"ಹಾಗಾದ್ರೆ ನನ್ನದನ್ನೂ ಬರಿ," ಎಂದಳು ಅಮ್ಮ.